ಯುಗಾದಿಯಿಂದ ಅರವತ್ತು ದಿನ

ಕೋಲ್ಕತ್ತಾದಲ್ಲಿ ಯಾರನ್ನೇ ಕೇಳಿ, ಅಂಫಾನ್ ಚಂಡಮಾರುತದ ಬಗ್ಗೆ ಅವರವರದೇ ಒಂದು ಕಥೆ ಇರುತ್ತದೆ. ಒಬ್ಬರಿಗೆ ಕಿಟಕಿ ಗಾಜು ಒಡೆದು ಹಾಸಿಗೆ ತುಂಬ ಚೆಲ್ಲಿದ್ದು ನೆನಪು, ಇನ್ನೊಬ್ಬರಿಗೆ ಮನೆ ಮುಂದಿನ ಗುಲ್‌ಮೊಹರ್ ಮರ ಬುಡಸಮೇತ ಕಿತ್ತು ಬಿದ್ದದ್ದು ನೆನಪು. ನಾನು ಹೇಳಹೊರಟಿರುವುದು ನಮ್ಮ ಕೆಳಗಿನ ಮನೆಯ ದೊಡ್ಡಮ್ಮನ ಕಥೆ. ಗಾಳಿ ಮಳೆಯ ರಾತ್ರಿಗಿಂತ ಅದರ ಮಾರನೆಯ ಮೂರು ದಿನಗಳಲ್ಲಿ ನಡೆದದ್ದೇ ಇದರಲ್ಲಿ ಹೆಚ್ಚು. ಇದನ್ನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಕೇಳಿದವರು ಮನೆಗೆ ಹೋಗಿ ತಮ್ಮ ಫೋನು ತೆರೆದು ನೋಡಿದರೆ ನನಗೆ ಅಷ್ಟೇ ಸಾಕು.

ದೊಡ್ಡಮ್ಮ ಅಂದರೆ ನನಗೆ ರಕ್ತ ಸಂಬಂಧದವರಲ್ಲ. ದಕ್ಷಿಣ ಕೋಲ್ಕತ್ತಾದ ಲೇಕ್ ಮಾರ್ಕೆಟ್ ಸುತ್ತಮುತ್ತ ಬಹಳ ಹಿಂದಿನಿಂದಲೂ ನಮ್ಮ ಕಡೆಯವರು, ತಮಿಳರು, ಆಂಧ್ರದವರು ನೆಲೆಸಿದ್ದಾರೆ. ಅಲ್ಲಿ ಬಾಳೆ ಎಲೆ, ಕರಿಬೇವು, ಮಲ್ಲಿಗೆ ಮೊಗ್ಗು, ಫಿಲ್ಟರ್ ಕಾಫಿ ಪುಡಿ ಎಲ್ಲವೂ ಸಿಗುತ್ತದೆ. ನಾನು ಮದುವೆಯಾಗಿ ಆ ಊರಿಗೆ ಹೋದಾಗ ನಮ್ಮದು ಎರಡನೇ ಮಹಡಿ, ಅವರದು ನೆಲ ಅಂತಸ್ತು. ಮೊದಲ ದಿನವೇ ಮೆಟ್ಟಿಲ ಬಳಿ ನನ್ನ ಕನ್ನಡ ಕೇಳಿಸಿಕೊಂಡು, "ಯಾವೂರೇ ನಿಂದು?" ಅಂತ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವರು. ಆ ದಿನದಿಂದ ಅವರು ದೊಡ್ಡಮ್ಮ, ಅವರ ಯಜಮಾನರು ದೊಡ್ಡಪ್ಪ.

ದೊಡ್ಡಪ್ಪ ಮೈಸೂರಿನವರು. ಕೇಂದ್ರ ಸರ್ಕಾರದ ನೌಕರಿ ಹಿಡಿದು ಅರವತ್ತರ ದಶಕದಲ್ಲಿ ಕಲ್ಕತ್ತೆಗೆ ಬಂದು ಅಲ್ಲೇ ನಿಂತುಬಿಟ್ಟವರು. ಬಂಗಾಳಿ ಓದಲು ಬರೆಯಲು ಕಲಿತಿದ್ದರು, ಆದರೆ ಮನಸ್ಸಿಗೆ ತೋಚಿದ್ದನ್ನು ಬರೆಯುತ್ತಿದ್ದದ್ದು ಕನ್ನಡದಲ್ಲೇ. ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಕಲ್ಕತ್ತೆಯ ಬದುಕನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. 1978ರ ಸೆಪ್ಟೆಂಬರಿನ ಮಹಾಪೂರದಲ್ಲಿ ಸೊಂಟಮಟ್ಟದ ನೀರಿನಲ್ಲಿ ಜನ ಹೇಗೆ ಓಡಾಡಿದರು, ತರಕಾರಿ ಬೆಲೆ ಎಷ್ಟಕ್ಕೇರಿತು, ಯಾರ ಮನೆಯಲ್ಲಿ ಯಾರು ಆಶ್ರಯ ಪಡೆದರು ಎಂಬುದೆಲ್ಲ ಅದರಲ್ಲಿತ್ತು. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೋ ರೈಲು ಎಸ್ಪ್ಲನೇಡ್‌ನಿಂದ ಭವಾನಿಪುರಕ್ಕೆ ಹೊರಟಾಗ ಇವರೂ ಸಾಲಿನಲ್ಲಿ ನಿಂತು ಹತ್ತಿ ಬಂದು ರಾತ್ರಿ ಕೂತು ಬರೆದಿದ್ದರು. 1997ರಲ್ಲಿ ಪುಸ್ತಕ ಮೇಳಕ್ಕೆ ಬೆಂಕಿ ಬಿದ್ದು ಮಳಿಗೆಗಳು ಸುಟ್ಟುಹೋದ ದಿನದ ಪುಟವನ್ನು ಅವರೇ ಒಮ್ಮೆ ನನಗೆ ಓದಿ ಹೇಳಿದ್ದರು. ಓದುತ್ತ ಓದುತ್ತ ದನಿ ನಡುಗಿತ್ತು.

ಭಾನುವಾರ ಬಂತೆಂದರೆ ಅವರು ಅಲಿಪುರದ ಬೆಲ್ವೆಡೇರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೊರಡುತ್ತಿದ್ದರು. ಅಲ್ಲಿ ಕನ್ನಡ ವಿಭಾಗವಿದೆ. ಅದರ ಬಗ್ಗೆ ಅವರಿಗೆ ಹೇಳಲಾರದಷ್ಟು ಹೆಮ್ಮೆ. "ನೋಡಮ್ಮ, 1954ರ ಕಾನೂನು ಪ್ರಕಾರ ನಮ್ಮ ದೇಶದಲ್ಲಿ ಅಚ್ಚಾದ ಪುಸ್ತಕದ ಒಂದು ಪ್ರತಿ ಇಲ್ಲಿಗೆ ಬರಬೇಕು. ಚೆನ್ನೈನ ಕೊನ್ನೆಮರ ಗ್ರಂಥಾಲಯಕ್ಕೆ ಒಂದು, ಮುಂಬೈಗೆ ಒಂದು, ದೆಹಲಿಗೆ ಒಂದು. ಧಾರವಾಡದಲ್ಲಿ ಅಚ್ಚಾದ ಪುಸ್ತಕ ನಾಲ್ಕು ದಿಕ್ಕಿನಲ್ಲಿ ಕೂತಿರುತ್ತೆ. ಒಂದು ಊರಿಗೆ ಏನಾದರೂ ಆದರೂ ಇನ್ನೊಂದು ಊರಲ್ಲಿ ಉಳಿಯುತ್ತೆ" ಅನ್ನುತ್ತಿದ್ದರು. ಅವರ ಸ್ವಂತ ಬರಹ ಮಾತ್ರ ಎಲ್ಲೂ ಅಚ್ಚಾಗಲಿಲ್ಲ. ಅದು ಇದ್ದದ್ದು ಒಂದೇ ಕಡೆ, ಮಂಚದ ಕೆಳಗಿನ ಟ್ರಂಕಿನಲ್ಲಿ.

ದೊಡ್ಡಪ್ಪ ತೀರಿಕೊಂಡ ಮೇಲೆ, 2019ರ ಚಳಿಗಾಲದಲ್ಲಿ ಅವರ ಮಗಳು ಬೆಂಗಳೂರಿನಿಂದ ಬಂದಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ತಂದೆಯ ಪುಸ್ತಕಗಳನ್ನು ಹೊರತೆಗೆದು, ಬಿಸಿಲು ಬೀಳುವ ವರಾಂಡದಲ್ಲಿ ಹರಡಿಕೊಂಡು, ಪುಟ ಪುಟವನ್ನೂ ದೊಡ್ಡಮ್ಮನ ಫೋನಿನಲ್ಲೇ ಫೋಟೋ ತೆಗೆದರು. ಪುಟ ಮಗುಚಿ ಹಿಡಿಯುವುದು ದೊಡ್ಡಮ್ಮನ ಕೆಲಸ. ಆ ಫೋನಿನ ಫೋಟೋಗಳೆಲ್ಲ ಗೂಗಲ್ ಫೋಟೋಸ್‌ಗೆ ತಾನಾಗಿ ಏರುವಂತೆ ಅಕ್ಕ ಮೊದಲೇ ವ್ಯವಸ್ಥೆ ಮಾಡಿದ್ದರು. ಮುಂದಿನ ಸಲ ಬಂದಾಗ ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಟೈಪ್ ಮಾಡಿಸುವ ಯೋಚನೆ ಅವರದು.

ಮುಂದಿನ ಸಲ ಬರಲು ಆಗಲಿಲ್ಲ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೊದಲ ದಿನವೂ ಅದೇ. ಆ ದಿನ ಬೆಂಗಳೂರಿನ ಮೊಮ್ಮಕ್ಕಳು ಒಬ್ಬಟ್ಟು ತಿನ್ನುವ ವಿಡಿಯೊ ಕಳಿಸಿದರು. ದೊಡ್ಡಮ್ಮನ ಫೋನಿನಲ್ಲಿ ಜಾಗವಿರಲಿಲ್ಲ, ವಿಡಿಯೊ ಇಳಿಯಲೊಲ್ಲದು. ದೊಡ್ಡಮ್ಮ ಯೋಚಿಸಿದರು: ಈ ಪುಟಗಳ ಫೋಟೋ ಎಷ್ಟೊಂದು ಇವೆ, ಅಸಲು ಪುಸ್ತಕಗಳು ಹೇಗೂ ಟ್ರಂಕಿನಲ್ಲಿ ಭದ್ರವಾಗಿವೆ, ಇವುಗಳನ್ನು ತೆಗೆದರೆ ನಷ್ಟವೇನು? ಅವುಗಳನ್ನು ಒಟ್ಟಿಗೆ ಆರಿಸಿ ಡಿಲೀಟ್ ಮಾಡಿದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಲೆಕ್ಕ ಹಾಕುತ್ತಿದ್ದರು.

ಮೇ 20, ಬುಧವಾರ. ಮಧ್ಯಾಹ್ನದಿಂದಲೇ ಗಾಳಿ ಬಲಿಯುತ್ತ ಬಂತು. ಸಂಜೆಯ ಹೊತ್ತಿಗೆ ಅಲಿಪುರದಲ್ಲಿ ಗಂಟೆಗೆ 114 ಕಿಲೋಮೀಟರ್, ಡಂಡಂ ಕಡೆ 133 ಕಿಲೋಮೀಟರ್ ವೇಗ ಮುಟ್ಟಿತೆಂದು ಆಮೇಲೆ ಓದಿದೆವು. ಆಗ ನಮಗೆ ಗೊತ್ತಾಗುತ್ತಿದ್ದದ್ದು ಸದ್ದು ಮಾತ್ರ. ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯಿತು. ದೊಡ್ಡಮ್ಮನನ್ನು ಮೇಲೆ ನಮ್ಮ ಮನೆಗೆ ಕರೆತಂದಿದ್ದೆವು. ಕಿಟಕಿಗೆ ಮೇಜು ಒತ್ತಿಟ್ಟು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ರಾತ್ರಿಯೆಲ್ಲ ಕೂತೇ ಇದ್ದೆವು.

ಬೆಳಿಗ್ಗೆ ಕೆಳಗಿಳಿದರೆ ನೆಲ ಅಂತಸ್ತಿನಲ್ಲಿ ಮೊಣಕಾಲುದ್ದ ನೀರು. ರಸ್ತೆಯ ಚರಂಡಿ ನೀರು, ಎಲೆ, ಕಸ ಎಲ್ಲ ಒಳಗೆ ನುಗ್ಗಿತ್ತು. ಮಂಚದ ಕೆಳಗಿನ ಟ್ರಂಕು ಪೂರಾ ಮುಳುಗಿತ್ತು. ನಾವು ಅದನ್ನು ಮೆಟ್ಟಿಲ ಮೇಲೆ ಎಳೆದು ಮುಚ್ಚಳ ತೆಗೆದಾಗ ಒಳಗಿನಿಂದ ನೀಲಿ ನೀರು ಹರಿಯಿತು.

ಆ ನೀಲಿ ಎಲ್ಲಿಂದ ಬಂತೆಂದು ಮೊದಲ ಪುಸ್ತಕ ಬಿಚ್ಚಿದಾಗ ತಿಳಿಯಿತು. ಎಂಬತ್ತರ ದಶಕದ ನಡುವಿನವರೆಗೆ ದೊಡ್ಡಪ್ಪ ಬರೆದದ್ದೆಲ್ಲ ಶಾಯಿ ಪೆನ್ನಿನಲ್ಲಿ. ಆ ಶಾಯಿ ನೀರಿನಲ್ಲಿ ಕರಗುತ್ತದೆ. ಸಾಲುಗಳು ಒಂದಕ್ಕೊಂದು ಹರಿದು ಪುಟವೆಲ್ಲ ತಿಳಿನೀಲಿ ಕಲೆಯಾಗಿತ್ತು. ಅಲ್ಲಲ್ಲಿ ಒಂದು ಒತ್ತಕ್ಷರ, ಒಂದು ಇಸವಿ ಮಾತ್ರ ಮಸುಕಾಗಿ ಕಾಣುತ್ತಿತ್ತು. ಆಮೇಲಿನ ಪುಸ್ತಕಗಳು ಬಾಲ್‌ಪೆನ್ನಿನವು. ಅದರ ಎಣ್ಣೆ ಶಾಯಿಗೆ ನೀರು ಏನೂ ಮಾಡಿರಲಿಲ್ಲ. ಹಾಳೆಗಳು ಒದ್ದೆಯಾಗಿ ಅಂಟಿಕೊಂಡಿದ್ದರೂ ಅಕ್ಷರ ಅಚ್ಚಳಿಯದೆ ನಿಂತಿದ್ದವು. 1997ರ ಬೆಂಕಿಯ ಪುಟ ಓದುವಂತಿತ್ತು. 1978ರ ಪೂರದ ಪುಟಗಳು, ಮೆಟ್ರೋದ ಮೊದಲ ದಿನದ ಪುಟಗಳು ಹೋಗಿಬಿಟ್ಟಿದ್ದವು.

ದೊಡ್ಡಮ್ಮ ಅಳಲಿಲ್ಲ. ಉಳಿದ ಪುಸ್ತಕಗಳ ನೀರು ಬಸಿದು, ಮಹಡಿಯ ನೆರಳಿನಲ್ಲಿ ಹಳೇ ದಿನಪತ್ರಿಕೆ ಹಾಸಿ ಒಂದೊಂದಾಗಿ ನಿಲ್ಲಿಸಿದರು. ಬಿಸಿಲಿಗೆ ಇಟ್ಟರೆ ಹಾಳೆ ಸೆಟೆದು ಮುರಿಯುತ್ತದೆಂದು ದೊಡ್ಡಪ್ಪ ಹೇಳಿಕೊಟ್ಟಿದ್ದರಂತೆ. ನೀಲಿಯಾದ ಪುಸ್ತಕಗಳನ್ನು ಬೇರೆ ಇಟ್ಟು ಅವುಗಳ ಕಡೆ ತಿರುಗಿ ನೋಡದೆ ಕೆಲಸ ಮಾಡಿದರು. ಅದನ್ನು ನೋಡುತ್ತ ನಿಂತ ನನಗೆ ಕೈಕಾಲು ಆಡಲಿಲ್ಲ.

ಶುಕ್ರವಾರ ರಾಸ್‌ಬಿಹಾರಿ ರಸ್ತೆಯ ಮೂಲೆಯ ಔಷಧಿ ಅಂಗಡಿಯ ಲ್ಯಾಂಡ್‌ಲೈನ್ ನಡೆಯುತ್ತಿದೆಯೆಂಬ ಸುದ್ದಿ ಬಂತು. ಹಳೆಯ ತಾಮ್ರದ ತಂತಿಯ ಫೋನಿಗೆ ಮನೆಯ ಕರೆಂಟು ಬೇಡ, ಎಕ್ಸ್‌ಚೇಂಜಿನಿಂದಲೇ ಅದಕ್ಕೆ ವಿದ್ಯುತ್ತು ಬರುತ್ತದೆ. ನೆಲದಡಿಯ ಕೇಬಲ್ಲಿಗೆ ಪೆಟ್ಟಾಗದಿದ್ದರೆ ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತದೆ. ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಮಾಸ್ಕ್ ಹಾಕಿಕೊಂಡು ಜನ ಸಾಲಾಗಿ ನಿಂತಿದ್ದರು, ಮಾತ್ರೆಗೆ ಬಂದವರಿಗಿಂತ ಫೋನಿಗೆ ಬಂದವರೇ ಹೆಚ್ಚು. ಅಂಗಡಿಯ ದಾದಾ ಯಾರಿಗೂ ಇಲ್ಲ ಅನ್ನಲಿಲ್ಲ. ನಮ್ಮ ಸರದಿ ಬಂದಾಗ ಬೆಂಗಳೂರಿಗೆ ಫೋನು ಹಚ್ಚಿದೆವು. ಎರಡು ದಿನದಿಂದ ತಾಯಿಯ ಸುದ್ದಿಯಿಲ್ಲದೆ ಕಂಗಾಲಾಗಿದ್ದ ಅಕ್ಕ ದನಿ ಕೇಳಿದ ಕೂಡಲೇ ಅತ್ತುಬಿಟ್ಟರು.

ಸುಧಾರಿಸಿಕೊಂಡ ಮೇಲೆ ಮೊದಲು ಕೇಳಿದ್ದೇ ಟ್ರಂಕಿನ ವಿಷಯ. ದೊಡ್ಡಮ್ಮ ಇದ್ದದ್ದು ಇದ್ದ ಹಾಗೆ ಹೇಳಿದರು.

"ಹೋಗಲಿ ಬಿಡಮ್ಮ, ಫೋಟೋ ಇದೆಯಲ್ಲ."

"ಇಲ್ಲ ಕಣೇ. ಅವನ್ನ ಅಳಿಸಿಬಿಟ್ಟೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಕ್ಕ ಬಹಳ ನಿಧಾನವಾಗಿ, ತೂಗಿ ಕೇಳಿದರು: "ಯಾವತ್ತು ಅಳಿಸಿದ್ದು? ದಿನ ನೆನಪಿದೆಯಾ?"

"ಯುಗಾದಿ ದಿನ. ಮಕ್ಕಳ ಒಬ್ಬಟ್ಟಿನ ವಿಡಿಯೊ ಬಂದಿತ್ತಲ್ಲ, ಅವತ್ತೇ."

ಅಕ್ಕ ಬೆರಳು ಮಡಿಸಿ ಎಣಿಸುವುದು ನನಗೆ ಕಂಡ ಹಾಗಾಯಿತು. ಗೂಗಲ್ ಫೋಟೋಸ್‌ಗೆ ಏರಿದ ಫೋಟೋವನ್ನು ಡಿಲೀಟ್ ಮಾಡಿದರೆ ಅದು ಕೂಡಲೇ ಹೋಗುವುದಿಲ್ಲ, ಬಿನ್ ಎಂಬ ಕಡೆಗೆ ಸರಿದು 60 ದಿನ ಕಾಯುತ್ತದೆ. ಮಾರ್ಚ್ 25ರಿಂದ 60 ದಿನವೆಂದರೆ ಮೇ 24. ಆವತ್ತು ಮೇ 22. ಭಾನುವಾರ ಕಳೆದರೆ ಮುಗಿಯಿತು, ಆಮೇಲೆ ಯಾರ ಕೈಕಾಲು ಹಿಡಿದರೂ ಬರುವುದಿಲ್ಲ.

ನಮ್ಮಲ್ಲಿ ಕರೆಂಟಿಲ್ಲ, ಇಂಟರ್ನೆಟ್ಟಿಲ್ಲ, ದೊಡ್ಡಮ್ಮನ ಫೋನು ಸತ್ತು ಬಿದ್ದಿದೆ. ಆದರೆ ಕ್ಲೌಡ್ ಅಂದಮೇಲೆ ಫೋಟೋ ಇರುವುದು ಫೋನಿನಲ್ಲಲ್ಲ, ದೂರದ ಡೇಟಾ ಸೆಂಟರಿನಲ್ಲಿ. ಪಾಸ್‌ವರ್ಡ್ ಇದ್ದರೆ ಅಕ್ಕ ಬೆಂಗಳೂರಿನಲ್ಲೇ ಕೂತು ಆ ಖಾತೆ ತೆರೆಯಬಹುದು. ಪಾಸ್‌ವರ್ಡನ್ನು ದೊಡ್ಡಮ್ಮ ಮನೆಖರ್ಚಿನ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದರು. ಡೈರಿ ಅಡುಗೆಮನೆಯ ಮೇಲಿನ ಗೂಡಿನಲ್ಲಿದ್ದುದರಿಂದ ನೀರು ತಾಗಿರಲಿಲ್ಲ. ತೊಡಕಿದ್ದದ್ದು ಇನ್ನೊಂದು ಕಡೆ. ಹೊಸ ಊರಿನ ಹೊಸ ಕಂಪ್ಯೂಟರಿನಿಂದ ಖಾತೆ ತೆರೆಯಲು ಹೋದರೆ, ನೀವು ನಿಜವಾದ ಮಾಲೀಕರೇ ಹೌದೋ ಎಂದು ಕೇಳಿ ನೋಂದಾಯಿಸಿದ ಮೊಬೈಲಿಗೆ ಒಂದು ಸಂಖ್ಯೆ ಕಳಿಸುತ್ತಾರೆ. ಅಂಥ ಕಾವಲು ಇರುವುದರಿಂದಲೇ ನಮ್ಮ ಖಾತೆಗಳು ಉಳಿದಿವೆ. ಈಗ ಆ ಸಂಖ್ಯೆ ಬರಬೇಕಾದ್ದು ಸತ್ತ ಫೋನಿಗೆ.

ಕಲ್ಕತ್ತೆಯ ಪಾಡಾ, ಅಂದರೆ ಬೀದಿಬೀದಿಯ ನೆರೆಹೊರೆ, ಅದರ ಬೆಲೆ ಅಂಥ ದಿನಗಳಲ್ಲಿ ತಿಳಿಯುತ್ತದೆ. ಪ್ರತಿ ಪಾಡಾಕ್ಕೂ ಒಂದು ಕ್ಲಬ್ಬು ಇರುತ್ತದೆ, ದುರ್ಗಾಪೂಜೆ ಮಾಡುವ ಹುಡುಗರೇ ಆಪತ್ತಿಗೂ ಮುಂದಾಗುತ್ತಾರೆ. ಬಿದ್ದ ಮರ ಕಡಿಯುವುದು, ವಯಸ್ಸಾದವರ ಮನೆಗೆ ನೀರು ಹೊತ್ತು ಕೊಡುವುದು ಎಲ್ಲ ಅವರದೇ. ಕ್ಲಬ್ಬಿನಲ್ಲಿ ಪೂಜೆಗೆ ಬಳಸುವ ಜನರೇಟರ್ ಹಚ್ಚಿ ಬೀದಿಯವರ ಫೋನುಗಳನ್ನೆಲ್ಲ ಚಾರ್ಜ್ ಮಾಡಿಕೊಡುತ್ತಿದ್ದರು. "ಮಾಶಿಮಾ, ನಿಮ್ಮದು ಮೊದಲು" ಎಂದು ದೊಡ್ಡಮ್ಮನ ಫೋನನ್ನು ಇಸಿದುಕೊಂಡರು. ವಿಷಯ ಕೇಳಿದ ಮೇಲೆ ಅವರಲ್ಲೊಬ್ಬ ಕಾಲೇಜು ಹುಡುಗ, ದೇಶಪ್ರಿಯ ಪಾರ್ಕಿನ ಕಡೆ ತಿರುಗುವ ತಿರುವಿನಲ್ಲಿ ಸಿಗ್ನಲ್ ಒಂದು ಗೀಟು ಬಂದು ಹೋಗುತ್ತಿದೆ, ಬೆಳಿಗ್ಗೆ ನಾನೂ ಬರುತ್ತೇನೆ ಅಂದ.

ಶನಿವಾರ, ಮೇ 23. ರಸ್ತೆಗಡ್ಡ ಬಿದ್ದ ಮರಗಳನ್ನು ತೆಗೆಯಲು ಸೇನೆಯನ್ನು ಕರೆಸಿದ ದಿನ ಅದು. ಕೊಂಬೆಗಳನ್ನು ದಾಟಿ, ತಂತಿಗಳನ್ನು ತಪ್ಪಿಸಿ ನಾವು ಔಷಧಿ ಅಂಗಡಿ ಮುಟ್ಟಿದೆವು. ನಾನು ಕೌಂಟರಿನ ಬಳಿ ಲ್ಯಾಂಡ್‌ಲೈನ್ ಹಿಡಿದು ನಿಂತೆ. ಹುಡುಗ ದೊಡ್ಡಮ್ಮನ ಮೊಬೈಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತ, ಕೂಗಿದರೆ ಕೇಳುವಷ್ಟು ದೂರದಲ್ಲಿ. ದೊಡ್ಡಮ್ಮ ಡೈರಿ ಹಿಡಿದು ನನ್ನ ಪಕ್ಕದಲ್ಲಿ.

ಅಕ್ಕ ಬೆಂಗಳೂರಿನಲ್ಲಿ ಪಾಸ್‌ವರ್ಡ್ ಒತ್ತಿದರು. ಸಂಖ್ಯೆ ಕಳಿಸಿದ್ದೇವೆ ಎಂದು ತೆರೆಯ ಮೇಲೆ ಬಂತು. ನಾವು ಕಾದೆವು. ಸಿಗ್ನಲ್ ಬಂದು, ಹೋಗಿ, ಮತ್ತೆ ಬಂದು, ಸಂದೇಶ ತಲುಪುವ ಹೊತ್ತಿಗೆ ಆ ಸಂಖ್ಯೆಯ ಅವಧಿ ಮುಗಿದಿತ್ತು. ತಪ್ಪು ಸಂಖ್ಯೆಯನ್ನು ಪದೇ ಪದೇ ಒತ್ತಿದರೆ ಖಾತೆಯೇ ಬೀಗ ಹಾಕಿಕೊಂಡೀತೆಂಬ ಭಯ ಅಕ್ಕನಿಗೆ. ಅವಸರ ಬೇಡ ಎಂದು ಸ್ವಲ್ಪ ಹೊತ್ತು ಬಿಟ್ಟು ಹೊಸ ಸಂಖ್ಯೆ ಕೇಳಿದರು. ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಏನಾಗುತ್ತಿದೆ ಎಂದು ಅಂಗಡಿಯ ದಾದಾ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು, ಅವರೂ ತಿರುವಿನ ಕಡೆಗೇ ನೋಡುತ್ತಿದ್ದರು.

"ಎಶೇಛೇ!" ಎಂದು ಹುಡುಗ ಕೂಗಿದ. ಬಂತು! ಒಂದೊಂದೇ ಅಂಕಿಯನ್ನು ಅವನು ಬಂಗಾಳಿಯಲ್ಲಿ ಗಟ್ಟಿಯಾಗಿ ಹೇಳುತ್ತ ಹೋದ. ನಾನು ಫೋನಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಆರು ಅಂಕಿ ಮುಗಿದ ಮೇಲೆ ಆ ಕಡೆಯಿಂದ ಕೀಲಿಮಣೆಯ ಸದ್ದು, ಆಮೇಲೆ ಅಕ್ಕನ ಉಸಿರು.

"ತೆರೆದುಕೊಂಡಿತು. ಬಿನ್‌ಗೆ ಹೋಗ್ತಾ ಇದೀನಿ… ಇದೆ. ಅಮ್ಮ, ಇದೆ! ಎಲ್ಲಾ ಇದೆ!"

ದೊಡ್ಡಮ್ಮ ರಿಸೀವರ್ ತೆಗೆದುಕೊಂಡರು. ಅಕ್ಕ ಎಲ್ಲ ಪುಟಗಳನ್ನೂ ಆರಿಸಿ ರಿಸ್ಟೋರ್ ಒತ್ತಿದರು. ಪುಟಗಳು ಬಿನ್ ಬಿಟ್ಟು ತಮ್ಮ ತಮ್ಮ ತಾರೀಖಿನ ಜಾಗಕ್ಕೆ ಮರಳಿದವು. ಅಷ್ಟಕ್ಕೇ ಬಿಡದೆ ಒಂದೊಂದನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ತೆರೆದು ನೋಡಿ ಖಾತ್ರಿ ಮಾಡಿಕೊಂಡು, ಬೇರೊಂದು ಹಾರ್ಡ್ ಡಿಸ್ಕಿಗೂ ಹಾಕಿದರು. ಗುಟ್ಟಾಗಿರಬೇಕಾದ ಪಾಸ್‌ವರ್ಡ್ ಅಂಗಡಿಯ ಕೌಂಟರಿನಲ್ಲಿ ಬಾಯಿಗೆ ಬಂದಿತ್ತಾದ್ದರಿಂದ ಅದನ್ನೂ ಅವತ್ತೇ ಬದಲಾಯಿಸಿದರು. ಇತ್ತ ಅಂಗಡಿ ಮುಂದೆ ನಿಂತಿದ್ದವರೆಲ್ಲ ಮಾಶಿಮಾಗೆ ಏನು ಸಿಕ್ಕಿತೆಂದು ಕೇಳಿದರು. ಇದೇ ಊರಿನ 1978ರ ಪೂರದ ಕಥೆ ಎಂದೆ. ಅವರಲ್ಲಿ ವಯಸ್ಸಾದ ಒಬ್ಬರು, ಆ ನೀರಿನಲ್ಲಿ ನಾನೂ ನಡೆದಿದ್ದೆ ಅಂದರು.

ಆ ಸಂಜೆ ಮೆಟ್ಟಿಲ ಮೇಲೆ ಮೇಣದ ಬತ್ತಿ ಹಚ್ಚಿ ಕೂತಿದ್ದಾಗ ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದರು. ನಾನೇ ಕೈಯಾರೆ ಅಳಿಸಿದ ಮೇಲೂ ಅದು ಅಲ್ಲಿ ಯಾಕೆ ಇತ್ತು? ಎರಡು ತಿಂಗಳು ಅದನ್ನು ಯಾರು ಇಟ್ಟುಕೊಂಡಿದ್ದರು? ಬಹಳ ಸರಿಯಾದ ಪ್ರಶ್ನೆ. ಎಲ್ಲದರ ಗುಟ್ಟೂ ಅದರಲ್ಲೇ ಇದೆ.

ಕ್ಲೌಡ್‌ನಲ್ಲಿ ಡಿಲೀಟ್ ಅಂದರೆ ಮೊದಲು ಒಂದು ಗುರುತು ಹಾಕುವುದಷ್ಟೇ. ಈ ಕಡತ ಬೇಡವಾಗಿದೆ, ಇದನ್ನು ಕಣ್ಣಿಗೆ ಕಾಣದ ಹಾಗೆ ಬಿನ್‌ಗೆ ಸರಿಸಿ, ಇಂಥ ದಿನದವರೆಗೆ ಕಾಯಿರಿ ಎಂಬ ಗುರುತು. ಗಡುವು ಮುಗಿದ ದಿನ ನಿಜವಾದ ಅಳಿಸುವಿಕೆ ಶುರುವಾಗುತ್ತದೆ. ಕಂಪನಿಯ ಒಳಗಿನ ಬ್ಯಾಕಪ್ಪುಗಳಲ್ಲಿ ಅದರ ಅಂಶ ಇನ್ನೂ ಕೆಲವು ತಿಂಗಳು ಉಳಿದಿದ್ದರೂ ನಮ್ಮ ಪಾಲಿಗೆ ಬಾಗಿಲು ಮುಚ್ಚಿದಂತೆಯೇ. ಆ ಗಡುವಿನ ಅವಧಿ ದೊಡ್ಡ ಅನುಕೂಲ, ಆದರೆ ಅದು ಇದೆ ಎಂದು ಗೊತ್ತಿದ್ದವರಿಗೆ ಮಾತ್ರ. ದೊಡ್ಡಮ್ಮನಿಗೆ ಹಬ್ಬದ ದಿನ ನೆನಪಿತ್ತು, ಅಕ್ಕನಿಗೆ 60 ದಿನದ ನಿಯಮ ಗೊತ್ತಿತ್ತು. ಎರಡರಲ್ಲಿ ಒಂದು ಇಲ್ಲದಿದ್ದರೂ ಭಾನುವಾರ ಹಾಗೇ ಕಳೆದುಹೋಗುತ್ತಿತ್ತು.

ಇನ್ನೊಂದು ಮಾತೂ ಅವತ್ತೇ ನನಗೆ ಮನದಟ್ಟಾಯಿತು. ಫೋನಿನಲ್ಲೂ ಇದೆ, ಕ್ಲೌಡ್‌ನಲ್ಲೂ ಇದೆ, ಅಂದಮೇಲೆ ಎರಡು ಪ್ರತಿ ಇದೆ ಎಂದು ನಾವು ನಂಬುತ್ತೇವೆ. ಅವೆರಡೂ ಒಂದಕ್ಕೊಂದು ಸಿಂಕ್ ಆಗಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದನ್ನು ಎರಡು ಪ್ರತಿ ಎಂದು ಎಣಿಸುವಂತಿಲ್ಲ. ನಿಜವಾದ ಎರಡನೇ ಪ್ರತಿ ಎಂದರೆ ಒಂದರ ಗತಿ ಇನ್ನೊಂದಕ್ಕೆ ತಟ್ಟದ ಹಾಗೆ ಬೇರೆ ಕಡೆ ಕೂತಿರುವಂಥದು. ದೊಡ್ಡಪ್ಪ ಗ್ರಂಥಾಲಯದ ಬಗ್ಗೆ ಹೇಳುತ್ತಿದ್ದದ್ದು ಇದನ್ನೇ. ಅದೇ ವಾರ ಕಾಲೇಜ್ ಸ್ಟ್ರೀಟಿನ ಮೊಣಕಾಲು ನೀರಿನಲ್ಲಿ ಪುಸ್ತಕಗಳು ತೇಲುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ಸಣ್ಣ ಅಂಗಡಿಯವರ ನಷ್ಟ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆದರೂ ಆ ಪುಸ್ತಕಗಳು ಲೋಕದಿಂದ ಅಳಿಯಲಿಲ್ಲ, ಬೇರೆ ಊರಿನ ಕಪಾಟುಗಳಲ್ಲಿ ಅವು ಇದ್ದವು. ಕೈಬರಹಕ್ಕೆ ಆ ಭಾಗ್ಯ ನಾವಾಗಿ ಮಾಡಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಪಾಠ ದೊಡ್ಡ ಕಂಪನಿಗಳಿಗೂ ತಪ್ಪಿದ್ದಲ್ಲ. 2011ರ ಫೆಬ್ರವರಿಯಲ್ಲಿ ಜಿಮೇಲ್ ಬಳಸುವವರಲ್ಲಿ ಶೇಕಡಾ 0.02ರಷ್ಟು ಜನರ ಅಂಚೆಪೆಟ್ಟಿಗೆ ಇದ್ದಕ್ಕಿದ್ದಂತೆ ಖಾಲಿಯಾಯಿತು. ಸಾಫ್ಟ್‌ವೇರಿನ ಒಂದು ದೋಷ ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳನ್ನೂ ಒಟ್ಟಿಗೆ ಮುಟ್ಟಿತ್ತು. ಕೊನೆಗೆ ಗೂಗಲ್ ಆ ಪತ್ರಗಳನ್ನು ಮರಳಿಸಿದ್ದು ಟೇಪುಗಳಿಂದ. ಜಾಲದಿಂದ ಬಿಡಿಸಿ ಪ್ರತ್ಯೇಕವಾಗಿ ಇಟ್ಟ ಟೇಪಿಗೆ ಆ ದೋಷ ತಲುಪಲಿಲ್ಲ.

ಈ ಸುದ್ದಿ ಬಾಯಿಂದ ಬಾಯಿಗೆ ಹರಡಿ ಆಮೇಲೆ ನೆರೆಹೊರೆಯವರು ನಮ್ಮ ಮನೆ ಬಾಗಿಲಿಗೆ ಬರತೊಡಗಿದರು. ಅವರ ಕಷ್ಟಗಳಿಂದ ನಾನೂ ಕಲಿತೆ. ಕಟ್ಟಡ ಸಮಿತಿಯವರೊಬ್ಬರು ಎಲ್ಲರೂ ಹಂಚಿಕೊಂಡಿದ್ದ ಗೂಗಲ್ ಡ್ರೈವ್ ಫೋಲ್ಡರನ್ನು ತೆಗೆದುಹಾಕಿದಾಗ ಲೆಕ್ಕಪತ್ರವೆಲ್ಲ ಹೋಯಿತೆಂದು ಗಾಬರಿಯಾದರು. ಫೋಲ್ಡರಿನ ಒಡೆಯರು ಒಬ್ಬರು, ಅದರೊಳಗೆ ಕಡತ ಹಾಕಿದವರು ಇನ್ನೊಬ್ಬರು ಆಗಿದ್ದರೆ ಆ ಕಡತ ಹಾಕಿದವರ ಖಾತೆಯಲ್ಲೇ ಉಳಿದಿರುತ್ತದೆ, ಅವರು ತಮ್ಮ ಡ್ರೈವ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಹುಡುಕಿದೆವು, ಸಿಕ್ಕಿತು. ಪ್ರಬಂಧ ಬರೆಯುತ್ತಿದ್ದ ಹುಡುಗಿಯೊಬ್ಬಳು ಒಳ್ಳೆಯ ಪ್ರತಿಯ ಮೇಲೆ ಅರೆಬರೆ ಪ್ರತಿಯನ್ನು ಉಳಿಸಿಬಿಟ್ಟಿದ್ದಳು. ಅಂಥ ಕಡೆ ಬಿನ್‌ನಲ್ಲಿ ಏನೂ ಇರುವುದಿಲ್ಲ, ಕಡತದ ಹಿಂದಿನ ಆವೃತ್ತಿಗಳ ಪಟ್ಟಿ ತೆರೆಯಬೇಕು. ಅವಳದೂ ಸಿಕ್ಕಿತು. ಹೋಗೇಬಿಟ್ಟವರೂ ಇದ್ದರು. ಗಡುವು ಮುಗಿದು ತಿಂಗಳುಗಳಾದ ಮೇಲೆ ಮಗುವಿನ ಮೊದಲ ವರ್ಷದ ಫೋಟೋ ಕೇಳಿಕೊಂಡು ಬಂದ ತಾಯಿಗೆ ಇಲ್ಲ ಎಂದು ಹೇಳುವಾಗ ನನ್ನ ಗಂಟಲು ಕಟ್ಟಿತು.

ಅದಕ್ಕೇ ಈ ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿರಬೇಕು. ಗೂಗಲ್ ಡ್ರೈವ್‌ನ ಬಿನ್ ಮೊದಲು ತಾನಾಗಿ ಖಾಲಿಯಾಗುತ್ತಿರಲಿಲ್ಲ, 2020ರ ಅಕ್ಟೋಬರ್‌ನಿಂದ ಅದಕ್ಕೂ 30 ದಿನದ ಗಡುವು ಬಂತು. ಐಕ್ಲೌಡ್, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ, ಒನ್‌ಡ್ರೈವ್‌ನ ಸ್ವಂತ ಖಾತೆ, ಇವಕ್ಕೂ 30 ದಿನವೇ. ಒನ್‌ಡ್ರೈವ್‌ನ ಕಚೇರಿ ಖಾತೆಗೆ ಸಾಮಾನ್ಯವಾಗಿ 93 ದಿನ. ಕಚೇರಿಯ ಗೂಗಲ್ ಖಾತೆಯಾದರೆ ಬಿನ್ ಖಾಲಿಯಾದ ಮೇಲೂ 25 ದಿನದೊಳಗೆ ಅಡ್ಮಿನ್ ಮರಳಿಸಬಲ್ಲರು, ನಾಚಿಕೆಪಡದೆ ಹೋಗಿ ಕೇಳಬೇಕು. ಎರಡು ವರ್ಷ ಮುಟ್ಟದೆ ಬಿಟ್ಟ ಸ್ವಂತ ಗೂಗಲ್ ಖಾತೆಯನ್ನು ಒಳಗಿರುವುದರ ಸಮೇತ ತೆಗೆದುಹಾಕಬಹುದೆಂಬ ನಿಯಮವೂ 2023ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ತೀರಿಕೊಂಡವರ ಫೋಟೋ, ಪತ್ರಗಳು ಅವರ ಖಾತೆಯಲ್ಲೇ ಉಳಿದಿರುವ ಮನೆಯವರು ಇದನ್ನು ಮರೆಯಬಾರದು. ಹಣ ಕೊಟ್ಟರೆ ಏನನ್ನಾದರೂ ಮರಳಿ ತರುತ್ತೇವೆ ಎಂದು ಪಾಸ್‌ವರ್ಡ್, ಒಟಿಪಿ ಕೇಳುವವರನ್ನು ನಂಬಲೇಬೇಡಿ. ನಾವು ಸಂಖ್ಯೆಯನ್ನು ಹೇಳಿದ್ದು ನಾವೇ ಫೋನು ಮಾಡಿದ್ದ ಮನೆಮಗಳಿಗೆ, ಅವಳ ದನಿ ಗುರುತು ಹಿಡಿದು.

ಲಾಕ್‌ಡೌನ್ ಸಡಿಲಿದ ಮೇಲೆ ಅಕ್ಕ ಆ ನೀಲಿ ಪುಸ್ತಕಗಳ ಪುಟಗಳನ್ನೆಲ್ಲ ಕೂತು ಟೈಪ್ ಮಾಡಿದರು. ಅಕ್ಷರ ತಿಳಿಯದ ಕಡೆ ದೊಡ್ಡಮ್ಮನಿಗೆ ಫೋನು ಮಾಡಿ ಕೇಳುತ್ತಿದ್ದರು, ಇವರು ಆ ದಿನ ಏನಾಯಿತೆಂದು ಪೂರಾ ಕಥೆಯನ್ನೇ ಹೇಳುತ್ತಿದ್ದರು, ಅದೂ ಟೈಪಾಯಿತು. ಕೆಲವೇ ಪ್ರತಿ ಮುದ್ರಿಸಿ ಹೊಲಿಸಿದ್ದಾರೆ. ಒಂದು ಬೆಂಗಳೂರಿನಲ್ಲಿದೆ, ಒಂದು ಮೈಸೂರಿನ ನೆಂಟರ ಮನೆಯಲ್ಲಿ, ಒಂದು ನನ್ನ ಬಳಿ. ದೊಡ್ಡಪ್ಪ ಭಾನುವಾರ ಭಾನುವಾರ ಹೇಳುತ್ತಿದ್ದ ನಿಯಮ ಅವರ ಬರಹಕ್ಕೂ ಕೊನೆಗೆ ಒದಗಿತು.

ನಿಮ್ಮ ಮನೆಯಲ್ಲೂ ಅಜ್ಜಿಯ ಹಾಡಿನ ರೆಕಾರ್ಡಿಂಗ್ ಇರಬಹುದು, ಅಪ್ಪನ ಪತ್ರಗಳ ಫೋಟೋ ಇರಬಹುದು. ಇವತ್ತೇ ಮನೆಯ ಹಿರಿಯರ ಪಕ್ಕ ಕೂತು ಅವರ ಫೋನಿನಲ್ಲಿ ಬಿನ್ ಎಲ್ಲಿದೆ ಎಂದು ತೋರಿಸಿ. ಒಳಗೆ ಏನಾದರೂ ಕಾಯುತ್ತಿದ್ದರೆ ಮರಳಿ ತನ್ನಿ. ಆಮೇಲೆ ಅದರ ಒಂದು ಪ್ರತಿಯನ್ನು ಪೆನ್ ಡ್ರೈವಿಗೋ ಹಾರ್ಡ್ ಡಿಸ್ಕಿಗೋ ಹಾಕಿ ಇನ್ನೊಂದು ಊರಿನಲ್ಲಿರುವ ನಿಮ್ಮವರಿಗೆ ಕಳಿಸಿಕೊಡಿ. ಒಂದು ಮಧ್ಯಾಹ್ನದ ಕೆಲಸ. ನಮಗೆ ಒಂದು ದಿನ ಉಳಿದಿತ್ತು. ನಿಮಗೆ ಎಷ್ಟು ಉಳಿದಿದೆಯೋ, ತೆರೆದು ನೋಡಿದರೆ ತಾನೇ ತಿಳಿಯುವುದು.